ಆ ರಾಜ್ಯದಲ್ಲಿ ನಮ್ಮ ಆಫೀಸೇ ಇಲ್ಲ, ತೆರಿಗೆ ಯಾಕೆ?

ಪ್ರಶ್ನೆ: ನಾವಿರುವುದು ನ್ಯೂಜೆರ್ಸಿಯಲ್ಲಿ. ಸ್ವಂತ ವೆಬ್‌ಸೈಟಿನಲ್ಲಿ ಇಳಕಲ್ ಸೀರೆ, ಚನ್ನಪಟ್ಟಣದ ಗೊಂಬೆ ಮಾರುತ್ತೇವೆ. ಟೆಕ್ಸಾಸ್, ಪೆನ್ಸಿಲ್ವೇನಿಯಾಕ್ಕೂ ಪಾರ್ಸೆಲ್ ಹೋಗುತ್ತದೆ. ಅಲ್ಲಿ ನಮಗೆ ಆಫೀಸ್ ಇಲ್ಲ. ಆ ರಾಜ್ಯಗಳ ಸೇಲ್ಸ್ ಟ್ಯಾಕ್ಸ್ (ಮಾರಾಟ ತೆರಿಗೆ) ನಾವು ಗ್ರಾಹಕರಿಂದ ವಸೂಲಿ ಮಾಡಬೇಕಾ?

ಉತ್ತರ: "ಆಫೀಸ್ ಇಲ್ಲ" ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ. ಆ ಮಾತಿಗೆ ಬೆಲೆ ಇದ್ದದ್ದು 2018ರ ಜೂನ್ 21ರ ತನಕ. ಆ ದಿನ ಸೌತ್ ಡಕೋಟ ರಾಜ್ಯ ಮತ್ತು ಆನ್‌ಲೈನ್‌ನಲ್ಲಿ ಪೀಠೋಪಕರಣ ಮಾರುವ ವೇಫೇರ್ ಕಂಪನಿಯ ನಡುವಿನ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ತನ್ನದೇ 1992ರ ಕ್ವಿಲ್ ತೀರ್ಪನ್ನು ತಳ್ಳಿಹಾಕಿತು. ಆಫೀಸು, ಸ್ಟಾಕಿನಂಥ ನೆಲೆ ಇಲ್ಲದ ವ್ಯಾಪಾರಿಯಿಂದ ರಾಜ್ಯ ತೆರಿಗೆ ವಸೂಲಿ ಮಾಡಿಸುವಂತಿಲ್ಲ ಎಂದಿದ್ದ ತೀರ್ಪು ಅದು. ಈಗ ಆ ರಾಜ್ಯದವರಿಗೆ ನೀವು ಎಷ್ಟು ಮಾರಿದ್ದೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಟೆಕ್ಸಾಸ್‌ನಲ್ಲಿ ಮಿತಿ 5 ಲಕ್ಷ ಡಾಲರ್, ಪೆನ್ಸಿಲ್ವೇನಿಯಾದಲ್ಲಿ 1 ಲಕ್ಷ. ಅದನ್ನು ದಾಟಿದರೆ ಆಫೀಸ್ ಇಲ್ಲದಿದ್ದರೂ ವಸೂಲಿ ಮಾಡಬೇಕು. ಟೆಕ್ಸಾಸ್ ಈ ಲೆಕ್ಕಕ್ಕೆ ಹೋಲ್‌ಸೇಲ್ ಕೊಟ್ಟದ್ದನ್ನೂ, ತೆರಿಗೆ ಇಲ್ಲದ ಮಾಲನ್ನೂ ಸೇರಿಸುತ್ತದೆ, ಇದನ್ನೇ ಎಲ್ಲರೂ ಮರೆಯುವುದು.

ಹಾಗಂತ ಹಳೇ ನಿಯಮ ಸತ್ತಿಲ್ಲ. ಡಲ್ಲಾಸ್‌ನಲ್ಲಿರುವ ಭಾವನ ಗ್ಯಾರೇಜಿನಲ್ಲಿ ಮಾರಾಟದ ಸ್ಟಾಕ್ ಇಟ್ಟಿದ್ದರೆ, ದೀಪಾವಳಿ ಮೇಳಕ್ಕೆ ಹೋಗಿ ಸ್ಟಾಲ್ ಹಾಕಿದ್ದರೆ, 5 ಲಕ್ಷದ ಮಾತೇ ಬರುವುದಿಲ್ಲ, ನೀವು ಅಲ್ಲಿ ವ್ಯಾಪಾರ ಮಾಡಿದ ಹಾಗೆಯೇ.

ನೀವು ವಸೂಲಿ ಮಾಡದಿದ್ದರೆ ಗ್ರಾಹಕರೇ ಅದರ ಬದಲಿಗೆ ಯೂಸ್ ಟ್ಯಾಕ್ಸ್ (ಕೊಂಡವರೇ ನೇರವಾಗಿ ರಾಜ್ಯಕ್ಕೆ ಕಟ್ಟುವ ತೆರಿಗೆ) ಕಟ್ಟಬೇಕು ಅನ್ನುವುದು ಕಾನೂನು. ತಾವಾಗಿ ಕಟ್ಟುವವರು ತೀರಾ ಕಡಿಮೆ, ಅದಕ್ಕೇ ರಾಜ್ಯಗಳು ಮಾರುವವರ ಬೆನ್ನು ಹತ್ತುವುದು.

ಮಿತಿ ಈಗಾಗಲೇ ದಾಟಿದ್ದರೆ ದಯವಿಟ್ಟು ಗಾಬರಿಯಲ್ಲಿ ಇವತ್ತೇ ಆ ರಾಜ್ಯದ ತೆರಿಗೆ ಇಲಾಖೆಯಲ್ಲಿ ನೋಂದಣಿ ಮಾಡಬೇಡಿ. ತಾವಾಗಿಯೇ ಬಂದು ಒಪ್ಪಿಕೊಂಡವರಿಗೆ ಹಳೇ ಬಾಕಿಯ ವರ್ಷಗಳನ್ನು ಕಡಿಮೆ ಮಾಡಿ ದಂಡ ಬಿಡುವ ಒಪ್ಪಂದ ಹೆಚ್ಚಿನ ರಾಜ್ಯಗಳಲ್ಲಿ ಇದೆ, ಆದರೆ ಮೊದಲೇ ನೋಂದಾಯಿಸಿದರೆ ಅಥವಾ ಇಲಾಖೆಯ ಪತ್ರ ನಿಮ್ಮ ಕೈಸೇರಿದರೆ ಆ ಬಾಗಿಲು ಮುಚ್ಚಿಹೋಗಬಹುದು. ರಿಟರ್ನ್ ಹಾಕದವರಿಗೆ ಇಷ್ಟು ವರ್ಷ ಕಳೆದರೆ ಹಳೇ ಬಾಕಿ ಕೇಳುವಂತಿಲ್ಲ ಅನ್ನುವ ಕಾಲಮಿತಿಯ ರಕ್ಷಣೆಯೂ ಸಾಮಾನ್ಯವಾಗಿ ಇಲ್ಲ. ನಾನಾದರೆ ಮಿತಿಯ ಮುಕ್ಕಾಲು ಭಾಗ ತಲುಪಿದಾಗಲೇ ಕಾಗದಪತ್ರ ತಯಾರು ಮಾಡುತ್ತೇನೆ. ಇನ್ನೊಂದು, ನೋಂದಣಿ ಇಲ್ಲದೆ ಬಿಲ್ಲಿನಲ್ಲಿ ಟ್ಯಾಕ್ಸ್ ಹಾಕಿ ಆ ದುಡ್ಡು ಇಟ್ಟುಕೊಳ್ಳಬೇಡಿ. ಅದು ರಾಜ್ಯದ ದುಡ್ಡು, ಜೈಲಿನವರೆಗೂ ಹೋಗಬಹುದು.

ಪ್ರಶ್ನೆ: 200 ಆರ್ಡರ್‌ಗಿಂತ ಕಡಿಮೆ ಇದ್ದರೆ ಎಲ್ಲಾ ಕಡೆ ಸೇಫ್ ಅಂತ ವಾಟ್ಸ್ಯಾಪ್ ಗುಂಪಿನಲ್ಲಿ ಒಬ್ಬ ಸಲಹೆಗಾರರು ಹೇಳಿದರು.

ಉತ್ತರ: ಸುಳ್ಳು. ಆರ್ಡರ್ ಕಡಿಮೆ ಇದ್ದರೂ ಡಾಲರ್ ಮಿತಿ ದಾಟಿದರೆ ಸಿಕ್ಕಿಬೀಳುತ್ತೀರಿ. ಆರ್ಡರ್ ಸಂಖ್ಯೆಯ ಮಿತಿಯನ್ನು ಸೌತ್ ಡಕೋಟವೇ 2023ರಲ್ಲಿ ಕೈಬಿಟ್ಟಿದೆ. ಅಂಥವರಿಗೆ ಫೀಸ್ ಕೊಡಬೇಡಿ.

ಪ್ರಶ್ನೆ: ಬರೀ ಅಮೆಜಾನ್‌ನಲ್ಲೇ ಮಾರಿದರೆ?

ಉತ್ತರ: ಸೇಲ್ಸ್ ಟ್ಯಾಕ್ಸ್ ಇರುವ ರಾಜ್ಯಗಳಲ್ಲಿ ಅವರೇ ವಸೂಲಿ ಮಾಡಿ ಕಟ್ಟುತ್ತಾರೆ. ಸ್ವಂತ ವೆಬ್‌ಸೈಟಿನ ಮಾರಾಟಕ್ಕೆ ಇದು ಅನ್ವಯಿಸುವುದಿಲ್ಲ.

ಪ್ರಶ್ನೆ: ಬೆಂಗಳೂರಿನಿಂದ ನೇರ ಕಳಿಸಿದರೆ ಭಾರತ–ಅಮೆರಿಕ ತೆರಿಗೆ ಒಪ್ಪಂದ ಕಾಪಾಡುತ್ತದಾ?

ಉತ್ತರ: ಇಲ್ಲ. ಅದು ಫೆಡರಲ್ ಇನ್‌ಕಮ್ ಟ್ಯಾಕ್ಸ್‌ಗೆ. ರಾಜ್ಯಗಳ ಮಿತಿ ನಿಮಗೂ ಲಾಗೂ.