ಕಂಬ ಯಾರದು, ಕರೆಂಟು ಯಾರದು? ಓದುಗರ ಪ್ರಶ್ನೆಗಳಿಗೆ ಉತ್ತರ

ವಿದ್ಯುತ್ ವಿತರಣೆಯ ಮರುರಚನೆ ಕುರಿತು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪ್ರಶ್ನೆಗಳಲ್ಲಿ ಆಯ್ದ ಕೆಲವು ಇಲ್ಲಿವೆ.

ಪ್ರಶ್ನೆ: ಮೊದಲು ಕೆಇಬಿ (ವಿದ್ಯುತ್ ಮಂಡಳಿ) ಅಂತ ಒಂದೇ ಇತ್ತು. ಈಗ ಕೆಪಿಟಿಸಿಎಲ್, ಬೆಸ್ಕಾಂ, ಕೆಇಆರ್‌ಸಿ ಅಂತ ಮೂರ್ನಾಲ್ಕು ಹೆಸರು. ಕರೆಂಟ್ ಹೋದಾಗ ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಯಾವುದು ಯಾರದು? (ಮುಳಬಾಗಿಲು)

ಉತ್ತರ: ಪ್ರಸರಣ ನೋಡುವ ಕೆಪಿಟಿಸಿಎಲ್‌ಗೂ ವಿತರಣೆ ನೋಡುವ ಬೆಸ್ಕಾಂಗೂ ನಡುವಿನ ಗಡಿ ಇರುವುದು ನಿಮ್ಮ ಹತ್ತಿರದ 66/11 ಕೆ.ವಿ. ಸ್ಟೇಷನ್ನಿನೊಳಗೆ (66 ಸಾವಿರ ವೋಲ್ಟನ್ನು 11 ಸಾವಿರಕ್ಕೆ ಇಳಿಸುವ ಜಾಗ). ಅಲ್ಲಿಂದ ಹೊರಡುವ ಪ್ರತಿ 11 ಕೆ.ವಿ. ಲೈನಿಗೂ, ಅಂದರೆ ಫೀಡರ್‌ಗೂ ಒಂದು ಮೀಟರ್ ಇದೆ. ಆ ಮೀಟರಿನವರೆಗೆ ಎಲ್ಲವೂ ಕೆಪಿಟಿಸಿಎಲ್‌ನದು. ಅಲ್ಲಿಂದಾಚೆ ಫೀಡರ್, ಕಂಬ, ಟಿಸಿ (ಟ್ರಾನ್ಸ್‌ಫಾರ್ಮರ್), ಎಲ್‌ಟಿ ತಂತಿ (ಟಿಸಿಯಿಂದ ಮನೆಗಳಿಗೆ ಬರುವ ಕಡಿಮೆ ವೋಲ್ಟೇಜಿನದು), ನಿಮ್ಮ ಗೋಡೆಯ ಮೀಟರ್‌ ಎಲ್ಲವೂ ಬೆಸ್ಕಾಂನದು. ಕೆಇಆರ್‌ಸಿ ಎಂಬ ವಿದ್ಯುತ್ ನಿಯಂತ್ರಣ ಆಯೋಗ ಒಂದು ಕಂಬವನ್ನೂ ಇಟ್ಟುಕೊಂಡಿಲ್ಲ, ದರ ಮತ್ತು ನಿಯಮ ಗೊತ್ತುಮಾಡುವುದಷ್ಟೇ ಅದರ ಕೆಲಸ.

ಸುತ್ತಲಿನ ನಾಲ್ಕೈದು ಹಳ್ಳಿಯೂ ಕತ್ತಲಾದರೆ ಫೀಡರ್ ಟ್ರಿಪ್ ಆಗಿದೆ ಎಂದು ಲೆಕ್ಕ. ಆಗ ಸ್ಟೇಷನ್ನಿಗೆ ಫೋನ್ ಮಾಡಿದರೆ ಆಪರೇಟರ್ 'ಎಲ್‌ಸಿ ಇದೆ' ಅನ್ನುತ್ತಾರೆ. ಲೈನ್ ಕ್ಲಿಯರ್ ಪಡೆದ ಪವರ್‌ಮ್ಯಾನ್ ಇನ್ನೂ ಕಂಬದ ಮೇಲಿದ್ದಾರೆ, ಅವರು ಹಿಂತಿರುಗಿಸುವವರೆಗೆ ಲೈನ್ ಚಾರ್ಜ್ ಮಾಡುವಂತಿಲ್ಲ ಎಂದು ಅದರರ್ಥ. ಅದನ್ನು ಕೈ ತೋರಿಸುವುದು ಅಂದುಕೊಳ್ಳಬೇಡಿ, ಅಲ್ಲಿ ಒಬ್ಬರ ಜೀವ ಇದೆ. ನಿಮ್ಮ ಬೀದಿ ಅಥವಾ ಊರಿಗೆ ಮಾತ್ರ ಇಲ್ಲದಿದ್ದರೆ ಟಿಸಿಯ ಹೆಚ್‌ಜಿ ಫ್ಯೂಸ್ (11 ಕೆ.ವಿ. ಕಡೆಯದು), ಕೆಲವು ಮನೆಗೆ ಇದ್ದು ಕೆಲವಕ್ಕೆ ಇಲ್ಲದಿದ್ದರೆ ಎಲ್‌ಟಿ ಕಡೆ ಒಂದು ಫೇಸ್, ನಿಮ್ಮ ಮನೆಗೊಂದೇ ಇಲ್ಲದಿದ್ದರೆ ಸರ್ವೀಸ್ ವೈರ್ ನೋಡಬೇಕು. ಈ ಮೂರೂ ಬೆಸ್ಕಾಂ ಶಾಖಾ ಕಚೇರಿಯ ಕೆಲಸ.

ಒಡೆದ ಕ್ರಮ ಹೀಗಿದೆ. 1999ರ ಕರ್ನಾಟಕ ವಿದ್ಯುತ್ ಸುಧಾರಣಾ ಕಾಯ್ದೆಯಡಿ ಅದೇ ವರ್ಷ ಆಗಸ್ಟ್‌ನಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಬಂತು. 2002ರ ಜೂನ್‌ನಲ್ಲಿ ವಿತರಣೆಯನ್ನು ಬೇರೆ ಮಾಡಿ ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಕಲಬುರಗಿಗೆ ಒಂದೊಂದು ಕಂಪನಿ ಆಯಿತು, ಬೆಂಗಳೂರಿನದೇ ಬೆಸ್ಕಾಂ. ಮೈಸೂರಿನ ಚಾಮುಂಡೇಶ್ವರಿ ಕಂಪನಿ 2005ರಲ್ಲಿ. ಖಾಸಗಿಗೆ ಕೊಡುವ ಆಲೋಚನೆಯೂ ಆಗ ಇತ್ತು, ಆಗಲಿಲ್ಲ. ಇವೆಲ್ಲ ಇವತ್ತಿಗೂ ಸರ್ಕಾರಿ ಕಂಪನಿಗಳೇ. ಅಂದಹಾಗೆ ನಿಮ್ಮ ಜಿಲ್ಲೆಗೆ ಕರೆಂಟು ಬಂದಿದ್ದು ಬೆಂಗಳೂರಿಗಿಂತ ಮೂರು ವರ್ಷ ಮೊದಲು: ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ 1902ರಲ್ಲಿ, ಬೆಂಗಳೂರಿಗೆ 1905ರಲ್ಲಿ.

ಪ್ರಶ್ನೆ: ನಮ್ಮ ತೋಟದ 63 ಕೆವಿಎ ಟಿಸಿ ಬೇಸಿಗೆಯಲ್ಲಿ ಮೂರು ಸಲ ಸುಟ್ಟಿತು. ಓವರ್‌ಲೋಡ್ ಅಂತಾರೆ. ಕಂಪನಿ ಮಾಡಿದ ಮೇಲೆ ಇವೆಲ್ಲ ಸರಿಹೋಗಬೇಕಿತ್ತಲ್ಲವೇ? (ಶಿರಾ ತಾಲ್ಲೂಕು)

ಉತ್ತರ: ಮೊದಲು ಟಿಸಿ ಲೆಕ್ಕ. 63 ಕೆವಿಎ ಟಿಸಿ ಎಲ್‌ಟಿ ಕಡೆಗೆ ಫೇಸಿಗೆ ಸುಮಾರು 84 ಆಂಪ್ ಕೊಡಬಲ್ಲದು. 7.5 ಹೆಚ್‌ಪಿ ಸಬ್‌ಮರ್ಸಿಬಲ್ ಒಂದು ಸುಮಾರು 13 ಆಂಪ್ ಎಳೆಯುತ್ತದೆ. ಅಂದರೆ ಆರು ಮೋಟಾರು. ನಿಮ್ಮ ಟಿಸಿಗೆ ಎಷ್ಟು ಆರ್‌.ಆರ್. ನಂಬರ್ (ಕಚೇರಿಯಲ್ಲಿ ದಾಖಲಾದ ಸಂಪರ್ಕ) ಇವೆ, ನಂಬರೇ ಇಲ್ಲದ ಬೋರ್‌ವೆಲ್ ಎಷ್ಟಿವೆ ಎಂದು ಒಂದು ದಿನ ತಂತಿ ಹಿಡಿದು ಎಣಿಸಿ ನೋಡಿ. ನೀರು ಕೆಳಗಿಳಿದಂತೆ 5 ಹೆಚ್‌ಪಿ ತೆಗೆದು 10 ಹೆಚ್‌ಪಿ ಇಳಿಸಿದವರೂ ಇರುತ್ತಾರೆ, ಕಚೇರಿಯ ಪುಸ್ತಕದಲ್ಲಿ ಅದು ಇನ್ನೂ 5 ಆಗಿಯೇ ಇರುತ್ತದೆ.

ಸುಡುವ ಗಳಿಗೆ ಸಾಮಾನ್ಯವಾಗಿ ಪಂಪ್ ಓಡಿಸುವ 3 ಫೇಸ್ ಕರೆಂಟು ಬಂದ ಕೂಡಲೇ. ಎಲ್ಲರ ಆಟೋ ಸ್ಟಾರ್ಟರೂ ಒಟ್ಟಿಗೆ ಎಳೆಯುತ್ತವೆ. ಶುರುವಾಗುವಾಗ ಮೋಟಾರು ಓಡುವಾಗಿನ ಹಲವು ಪಟ್ಟು ಕರೆಂಟ್ ತಿನ್ನುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಕುಸಿದಷ್ಟೂ ಎಳೆತ ಹೆಚ್ಚುತ್ತದೆ, ಟಿಸಿಯ ಎಣ್ಣೆ ಕಾದು ಒಳಗಿನ ಇನ್ಸುಲೇಷನ್ ಸೀಯುತ್ತದೆ. ಸ್ಟಾರ್ಟರಿನಲ್ಲಿ ಟೈಮರ್ ಇದ್ದರೆ ಒಬ್ಬೊಬ್ಬರು ಎರಡೆರಡು ನಿಮಿಷ ಬಿಟ್ಟು ಶುರುವಾಗುವಂತೆ ಇಟ್ಟುಕೊಳ್ಳಿ, ದುಡ್ಡು ಖರ್ಚಿಲ್ಲದ ಕೆಲಸ. 7.5 ಹೆಚ್‌ಪಿಗೆ 3 ಕೆವಿಎಆರ್ ಕೆಪಾಸಿಟರ್ ಹಾಕಿದರೆ ಆ 13 ಆಂಪ್ 11ರ ಹತ್ತಿರಕ್ಕೆ ಇಳಿಯುತ್ತದೆ. ಸಿಂಗಲ್ ಫೇಸ್ ಹೊತ್ತಿನಲ್ಲಿ ಕಂಡೆನ್ಸರ್ ಕಟ್ಟಿ ಪಂಪ್ ಓಡಿಸುವುದನ್ನು ಮಾತ್ರ ಬಿಟ್ಟುಬಿಡಿ. ಭಾರವೆಲ್ಲ ಒಂದು ಕಡೆಗೆ ಬಿದ್ದು ಮೋಟಾರೂ ಹೋಗುತ್ತದೆ, ಟಿಸಿಯೂ ಹೋಗುತ್ತದೆ.

ಇನ್ನೊಂದು ವಿಷಯ, ಹೆಚ್ಚು ಜನಕ್ಕೆ ಗೊತ್ತಿಲ್ಲ. ಇದೇ ಟಿಸಿಯ 11 ಕೆ.ವಿ. ಕಡೆ ಪೂರ್ತಿ ಲೋಡಿನಲ್ಲೂ ಹರಿಯುವುದು 3.3 ಆಂಪ್ ಅಷ್ಟೇ. ಹಾಗಾಗಿ ಹೆಚ್‌ಜಿ ಫ್ಯೂಸಿನ ಎಳೆ ಕೂದಲಿನಷ್ಟು ಸಣ್ಣಗಿರಬೇಕು. ಪದೇ ಪದೇ ಹೋಗುತ್ತದೆಂದು ಯಾರಾದರೂ ಅಲ್ಯೂಮಿನಿಯಂ ಎಳೆ ಹೊಸೆದು ಕಟ್ಟಿದ್ದರೆ ಫ್ಯೂಸ್ ಉಳಿಯುತ್ತದೆ, ಟಿಸಿ ಉಳಿಯುವುದಿಲ್ಲ. ಅದನ್ನು ಪವರ್‌ಮ್ಯಾನ್‌ ಕೈಯಲ್ಲೇ ನೋಡಿಸಿ, ನೀವು ಕಂಬ ಹತ್ತಬೇಡಿ. ಆಮೇಲೆ ಎಲ್ಲ ಆರ್‌.ಆರ್. ನಂಬರ್, ನಿಜವಾದ ಹೆಚ್‌ಪಿ ಬರೆದು ಉಪವಿಭಾಗದ ಎಇಇಗೆ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. 100 ಕೆವಿಎಗೆ ಏರಿಸುವುದಕ್ಕಿಂತ ತುದಿಯಲ್ಲಿ ಇನ್ನೊಂದು 25 ಕೆವಿಎ ಕೂರಿಸಿ ಲೋಡ್ ಹಂಚುವುದು ಒಳ್ಳೆಯದು, ತುದಿ ಮನೆಯವರ ವೋಲ್ಟೇಜೂ ಸುಧಾರಿಸುತ್ತದೆ.

ಇನ್ನು ಎರಡನೆಯ ಮಾತು. ಕಂಪನಿ ಮಾಡಿದ್ದರ ಉದ್ದೇಶವೇ ಎಷ್ಟು ಯೂನಿಟ್ ಬಂತು, ಎಷ್ಟು ಮಾರಿದೆ, ಎಷ್ಟು ಹಣ ಬಂತು ಎಂದು ಲೆಕ್ಕ ಬಿಡಿಬಿಡಿಯಾಗಿ ಕಾಣಲಿ ಎಂಬುದು. ಆದರೆ 10 ಹೆಚ್‌ಪಿವರೆಗಿನ ಐಪಿ ಸೆಟ್ಟಿಗೆ (ನೀರಾವರಿ ಪಂಪಿಗೆ) ಬಿಲ್ಲೂ ಇಲ್ಲ, ಹೆಚ್ಚಿನವಕ್ಕೆ ಮೀಟರೂ ಇಲ್ಲ. ಮೀಟರಿಲ್ಲದೆ ಯಾರಿಗೂ ಕರೆಂಟು ಕೊಡಕೂಡದೆಂದು 2003ರ ವಿದ್ಯುತ್ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ, ಅದು ಬೇರೆ ಮಾತು.

ಒಂದು ಉದಾಹರಣೆ ಇಟ್ಟುಕೊಳ್ಳಿ. ಫೀಡರಿಗೆ ಒಂದು ಲಕ್ಷ ಯೂನಿಟ್ ಹೋಯಿತು. ಮನೆ, ಅಂಗಡಿ ಮೀಟರುಗಳಲ್ಲಿ ಸಿಕ್ಕಿದ್ದು 30,000. ಉಳಿದ 70,000ದಲ್ಲಿ 200 ಪಂಪುಗಳು ಕುಡಿದದ್ದೆಷ್ಟು, ಸೋರಿದ್ದೆಷ್ಟು? ಪಂಪಿಗೆ 320 ಯೂನಿಟ್ ಎಂದು ಬರೆದರೆ 64,000 ಆಯಿತು, ನಷ್ಟ ಬರೀ ಶೇ 6. ನಿಜಕ್ಕೂ 280 ಆಗಿದ್ದರೆ 56,000, ನಷ್ಟ ಶೇ 14. ತಂತಿ ಅದೇ, ಕಳ್ಳತನವೂ ಅಷ್ಟೇ, ಒಂದು ಅಂಕಿ ಬದಲಾಗಿದ್ದಕ್ಕೆ ಕಂಪನಿ ದಕ್ಷವಾಯಿತು! ಆ 64,000ದ ಹಣ ಸರ್ಕಾರದಿಂದ ಸಬ್ಸಿಡಿಯಾಗಿ ಬರಬೇಕು. ಮುಂಗಡವಾಗಿಯೇ ಬರಬೇಕೆಂದು 65ನೇ ಸೆಕ್ಷನ್ ಹೇಳುತ್ತದೆ. ತಡವಾದರೆ ಕಂಪನಿ ಸಾಲ ಮಾಡುತ್ತದೆ, ಸಾಲ ಮಾಡಿದ ಕಂಪನಿ ಟಿಸಿ ಕೊಳ್ಳುವಾಗ ಕೈ ಬಿಗಿ ಹಿಡಿಯುತ್ತದೆ. ಕೆಇಬಿಯ ಬೋರ್ಡ್ ಇಳಿಸಿ ಬೆಸ್ಕಾಂ ಬೋರ್ಡ್ ಏರಿಸಿದ್ದರಿಂದ ಇದು ಬದಲಾಗಿಲ್ಲ. ಪ್ರತಿ ಟಿಸಿಗೂ ಮೀಟರ್ ಕೂರಿಸಿ ತಿಂಗಳು ತಿಂಗಳು ಓದಿದರೆ ಬದಲಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ರೈತರಿಗೆ ಬಿಲ್ ಕೊಡಿ ಎಂದಲ್ಲ, ಲೆಕ್ಕ ಇಡಿ ಎಂದು.

ಪ್ರಶ್ನೆ: ಬಿಲ್ಲಿನಲ್ಲಿ ಪಿಂಚಣಿ, ಗ್ರಾಚ್ಯುಟಿ ಎಂದು ಯೂನಿಟ್ಟಿಗೆ 36 ಪೈಸೆ ಹಾಕಿದ್ದಾರೆ. ಅವರ ನೌಕರರ ಪಿಂಚಣಿ ನಾವೇಕೆ ಕಟ್ಟಬೇಕು? (ಚಿಂತಾಮಣಿ)

ಉತ್ತರ: ಇದು ಆ ಮರುರಚನೆಯ ಬಾಲ. ಕೆಇಬಿ ಒಡೆದಾಗ ಅಲ್ಲಿನ ನೌಕರರನ್ನು ಹೊಸ ಕಂಪನಿಗಳಿಗೆ ವರ್ಗಾಯಿಸಲಾಯಿತು. ಅವರ ಹಳೆಯ ಸೇವೆಯ ಪಿಂಚಣಿ ಹೊರೆಯಲ್ಲಿ ಸರ್ಕಾರವೂ ಪಾಲು ಹೊರಬೇಕೆಂದು ಆಗ ಒಪ್ಪಂದವಾಗಿತ್ತು. ಆ ಪಾಲನ್ನು ಗ್ರಾಹಕರಿಂದ ವಸೂಲು ಮಾಡುವ ವಿಚಾರ ಹೈಕೋರ್ಟ್‌ವರೆಗೆ ಹೋಗಿ, ಕೊನೆಗೆ 2025ರ ಏಪ್ರಿಲ್ 1ರಿಂದ ಯೂನಿಟ್ಟಿಗೆ 36 ಪೈಸೆ ಎಂದು ಕೆಇಆರ್‌ಸಿ ಆದೇಶವಾಯಿತು. 2026-27ಕ್ಕೆ 35 ಪೈಸೆ, 2027-28ಕ್ಕೆ 34 ಪೈಸೆ. ಮೊದಲ ವರ್ಷದ ಲೆಕ್ಕದಲ್ಲಿ ನೂರು ಯೂನಿಟ್ಟಿಗೆ 36 ರೂಪಾಯಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಿಮಗನ್ನಿಸಿದರೆ ತಪ್ಪಿಲ್ಲ. ಪವರ್‌ಮ್ಯಾನ್ ಮೇಲೆ ಮಾತ್ರ ಸಿಟ್ಟು ತೀರಿಸಬೇಡಿ, ಪಿಂಚಣಿ ಅವರ ಹಕ್ಕು.

ಪ್ರಶ್ನೆ: ನಮ್ಮಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ಆದರೂ ಸಂಜೆ ಕರೆಂಟು ಹೋಗುತ್ತದೆ. ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇನಾ? (ಪಾವಗಡ)

ಉತ್ತರ: ಗಾದೆ ಸರಿಯಾಗಿದೆ, ಕಾರಣ ಬೇರೆ. ಸುಮಾರು 13,000 ಎಕರೆಯ ಆ ಪಾರ್ಕಿನ ವಿದ್ಯುತ್ 220 ಮತ್ತು 400 ಕೆ.ವಿ. ತಂತಿಯಲ್ಲಿ ಹೊರಡುತ್ತದೆ. ನಿಮ್ಮೂರಿನ 11 ಕೆ.ವಿ. ಫೀಡರ್ ಅದಕ್ಕೆ ನೇರವಾಗಿ ಅಂಟಿಕೊಂಡಿಲ್ಲ. ಹೆದ್ದಾರಿ ಊರ ಪಕ್ಕದಲ್ಲೇ ಹೋದರೂ ಇಳಿಯಲು ರಸ್ತೆ ಬೇಕಲ್ಲ, ಹಾಗೆ. ಸಂಜೆ ಏಳಕ್ಕೆ ಪಾರ್ಕಿನ ಉತ್ಪಾದನೆ ಸೊನ್ನೆ, ನಿಮ್ಮ ಮನೆಯ ಬಳಕೆ ಆಗಲೇ ಹೆಚ್ಚು. ಭೂಮಿ ಕೊಟ್ಟ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇ 5 ಏರುವ ಗುತ್ತಿಗೆ ಹಣ ಸಿಗುತ್ತದೆ, ಕರೆಂಟಿನ ಮೇಲೆ ಹಕ್ಕು ಆ ಕರಾರಿನಲ್ಲಿಲ್ಲ. ನಿಮ್ಮಂಥವರಿಗೆ ನೇರ ಉಪಯೋಗ ಆಗುವುದು ಕೇಂದ್ರದ ಕುಸುಮ್ ಯೋಜನೆಯ 'ಸಿ' ಮಾದರಿ: ಸ್ಟೇಷನ್ನಿನ ಪಕ್ಕದಲ್ಲಿ ಮೆಗಾವಾಟಿಗೆ ಸುಮಾರು 4 ಎಕರೆಯಲ್ಲಿ ಸಣ್ಣ ಘಟಕ ಕಟ್ಟಿ, ಅಲ್ಲಿಂದಲೇ 11 ಕೆ.ವಿ.ಗೆ ಸೇರಿಸಿ, ಪಂಪುಗಳಿಗೆ ಹಗಲಿನಲ್ಲಿ 3 ಫೇಸ್ ಕೊಡುವುದು. ರಾತ್ರಿ ಹಾವು ಚೇಳಿನ ನಡುವೆ ನೀರು ಕಟ್ಟುವ ಪಾಡು ತಪ್ಪುತ್ತದೆ.

ಪ್ರಶ್ನೆ: ಖಾಸಗಿಯವರಿಗೆ ಕೊಟ್ಟರೆ ಸರಿಹೋಗುತ್ತದೆಯೇ? (ಚಿಕ್ಕಬಳ್ಳಾಪುರ)

ಉತ್ತರ: ಎರಡು ಊರಿನ ಕಥೆ ನೋಡಿ. ದೆಹಲಿ 2002ರಲ್ಲಿ ಕೊಟ್ಟಿತು. ಅರ್ಧಕ್ಕಿಂತ ಹೆಚ್ಚಿದ್ದ ನಷ್ಟ ಶೇ 10ಕ್ಕಿಂತ ಕೆಳಗೆ ಬಂತು. ಆದರೆ ದರ ಏರಿಸದೆ ಮುಂದೂಡಿದ ಬಾಕಿ ಸಾವಿರಾರು ಕೋಟಿ ಬೆಳೆದು, 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥ ಬಾಕಿಯನ್ನೆಲ್ಲ ಗಡುವಿನೊಳಗೆ ತೀರಿಸಿ ಎನ್ನಬೇಕಾಯಿತು. ಒಡಿಶಾ ದೇಶದಲ್ಲೇ ಮೊದಲು ಮಂಡಳಿ ಒಡೆದು 1999ರಲ್ಲಿ ವಿತರಣೆಯನ್ನು ಖಾಸಗಿಗೆ ಕೊಟ್ಟಿತು. ಅದೇ ವರ್ಷ ಚಂಡಮಾರುತ ಕಂಬಗಳನ್ನೆಲ್ಲ ಮಲಗಿಸಿತು, 2001ರಲ್ಲಿ ಒಂದು ಕಂಪನಿ ಬಿಟ್ಟು ಹೋಯಿತು, 2015ರಲ್ಲಿ ಇನ್ನೊಂದರ ಲೈಸೆನ್ಸ್ ರದ್ದಾಯಿತು, ಐದು ವರ್ಷದ ನಂತರ ಮತ್ತೆ ಹೊಸಬರು ಬಂದರು. ದೆಹಲಿಯಲ್ಲಿ ಪಂಪ್ ಸೆಟ್ ಇಲ್ಲದಷ್ಟು ಕಡಿಮೆ, ಮನೆ ಮನೆಗೂ ಮೀಟರ್ ಹಾಕಬಹುದು. ನಿಮ್ಮ ಜಿಲ್ಲೆಯ ಬೋರ್‌ವೆಲ್ ಫೀಡರ್ ಯಾರ ಕೈಗೆ ಹೋದರೂ ಮೇಲೆ ಹೇಳಿದ 320–280ರ ಲೆಕ್ಕ ಬೆನ್ನು ಬಿಡುವುದಿಲ್ಲ.

ಮೂರನೆಯ ದಾರಿಯೂ ನಮ್ಮಲ್ಲೇ ಇದೆ: ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೇ ದಶಕಗಳಿಂದ ವಿತರಣೆ ಮಾಡುತ್ತಿದೆ.

ಪ್ರಶ್ನೆ: ಒಂದೇ ತಂತಿಯಲ್ಲಿ ಎರಡು ಕಂಪನಿ ಕರೆಂಟು ಮಾರಬಹುದು ಎಂಬ ಕಾನೂನು ಬರುತ್ತದಂತೆ. ನಮ್ಮಂಥ ಸಣ್ಣ ಕಾರ್ಖಾನೆಗೆ ಲಾಭವೇ? (ವಸಂತನರಸಾಪುರ, ತುಮಕೂರು)

ಉತ್ತರ: ಈಗಿನ ಕಾಯ್ದೆಯಲ್ಲೂ ಒಂದೇ ಊರಿಗೆ ಎರಡನೇ ಲೈಸೆನ್ಸ್ ಕೊಡಬಹುದು, ಆದರೆ ಬಂದವರು ತಮ್ಮದೇ ತಂತಿ ಎಳೆಯಬೇಕು. ಕೇಂದ್ರ ಇಂಧನ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಹೊರಡಿಸಿದ ತಿದ್ದುಪಡಿ ಕರಡಿನಲ್ಲಿ ಇರುವ ತಂತಿಯನ್ನೇ ಬಾಡಿಗೆ ಕೊಟ್ಟು ಹಂಚಿಕೊಳ್ಳುವ ಮಾತಿದೆ. ತಯಾರಿಕಾ ಘಟಕಗಳ ಮೇಲಿನ ಅಡ್ಡ ಸಬ್ಸಿಡಿಯನ್ನು (ಬೇರೆಯವರಿಗೆ ಅಗ್ಗವಾಗಿ ಕೊಡಲು ಇವರಿಂದ ಹೆಚ್ಚು ವಸೂಲು ಮಾಡುವುದನ್ನು) ಐದು ವರ್ಷದಲ್ಲಿ ತೆಗೆಯುವ ಪ್ರಸ್ತಾಪವೂ ಇದೆ. ಅದನ್ನು ನಂಬಿ ಈಗಲೇ ಲೆಕ್ಕ ಹಾಕಬೇಡಿ. ಹೊರಗಿನಿಂದ ಕೊಳ್ಳುವ ದಾರಿ ಈಗಲೂ ಇದೆ: ಸಾಮಾನ್ಯ ಓಪನ್ ಆ್ಯಕ್ಸೆಸ್‌ಗೆ 1 ಮೆಗಾವಾಟ್, ಹಸಿರು ವಿದ್ಯುತ್ತಿಗೆ 2022ರ ನಿಯಮದಂತೆ 100 ಕಿಲೋವಾಟ್ ಸಾಕು. ಮಾರುವವರು ಹೇಳುವ ದರ ಮಾತ್ರ ಕೇಳಿ ಸಹಿ ಹಾಕಿದರೆ ಕೆಟ್ಟಿರಿ. ಅದರ ಮೇಲೆ ಪ್ರಸರಣ ಶುಲ್ಕ, ವೀಲಿಂಗ್ ಶುಲ್ಕ (ವಿತರಣಾ ತಂತಿ ಬಳಸಿದ್ದಕ್ಕೆ), ದಾರಿಯಲ್ಲಿ ಸೋರುವ ಯೂನಿಟ್, ಅಡ್ಡ ಸಬ್ಸಿಡಿ ಸರ್‌ಚಾರ್ಜ್, ಹೆಚ್ಚುವರಿ ಸರ್‌ಚಾರ್ಜ್, ವಿದ್ಯುತ್ ತೆರಿಗೆ ಎಲ್ಲ ಕೂಡಿಸಿ. ಬೆಸ್ಕಾಂಗೆ ಕಟ್ಟುವ ಡಿಮ್ಯಾಂಡ್ ಚಾರ್ಜ್ (ಲೋಡಿಗೆ ತಕ್ಕ ನಿಗದಿತ ಶುಲ್ಕ) ಹಾಗೆಯೇ ಉಳಿಯುತ್ತದೆ.

ದೊಡ್ಡ ಗಿರಾಕಿಗಳು ಹೊರಟುಹೋದರೆ ಉಳಿದವರ ದರ ಏರುತ್ತದೆ. ಪವರ್‌ಮ್ಯಾನ್‌ಗಳ ಸಂಘದಿಂದ ರೈತ ಸಂಘದವರೆಗೆ ಈ ಕರಡು ತಿದ್ದುಪಡಿಗೆ ತಕರಾರು ಇರುವುದು ಅದಕ್ಕೇ.

ಪ್ರಶ್ನೆ: ಬೇರೆ ದೇಶಗಳಲ್ಲೂ ಹೀಗೆ ಒಡೆದಿದ್ದಾರೆಯೇ? (ತಿಪಟೂರು)

ಉತ್ತರ: ಕೂಡಿಸಲು ಹೋಗಿ ಸೋತವರೂ ಇದ್ದಾರೆ. ದಕ್ಷಿಣ ಆಫ್ರಿಕಾದಲ್ಲಿ ಎಸ್ಕಾಂ ಎಂಬ ಸರ್ಕಾರಿ ಕಂಪನಿ (ಬೆಸ್ಕಾಂನಂಥ ನಮ್ಮ ವಿತರಣಾ ಕಂಪನಿಗಳನ್ನೂ ಎಸ್ಕಾಂ ಎನ್ನುತ್ತಾರೆ, ಅವಕ್ಕೂ ಇದಕ್ಕೂ ಸಂಬಂಧವಿಲ್ಲ) ಮತ್ತು ನೂರಾರು ಪುರಸಭೆಗಳು ಕರೆಂಟು ಹಂಚುತ್ತವೆ. ಎಲ್ಲವನ್ನೂ ಆರು ಪ್ರಾದೇಶಿಕ ಕಂಪನಿಗಳಾಗಿ ಮಾಡಲು 2003ರಲ್ಲಿ ಒಂದು ಸಂಸ್ಥೆ ಕಟ್ಟಿದರು. 2005ರಲ್ಲಿ ಕೇಪ್‌ಟೌನ್‌ನಲ್ಲಿ ಮೊದಲನೆಯದು ಶುರುವಾಗಿ ಬೇಗನೆ ನಿಂತಿತು, 2010ರ ಡಿಸೆಂಬರ್‌ನಲ್ಲಿ ಸಚಿವ ಸಂಪುಟ ಯೋಜನೆಯನ್ನೇ ಕೈಬಿಟ್ಟಿತು. ವಿದ್ಯುತ್ ಹಂಚುವುದು ಅಲ್ಲಿನ ಸಂವಿಧಾನ ಪುರಸಭೆಗೆ ಕೊಟ್ಟ ಅಧಿಕಾರ, ಅದರಿಂದ ಬರುವ ಹಣದಲ್ಲೇ ರಸ್ತೆ, ಕಸದ ಖರ್ಚು ನಡೆಯುತ್ತದೆ. ಕರೆಯುವ ಹಸುವನ್ನು ಯಾರು ಬಿಟ್ಟುಕೊಡುತ್ತಾರೆ?

ಪ್ರಶ್ನೆ: ದರ ಏರಿಸುವ ಮುಂಚೆ ಜನರನ್ನು ಕೇಳುತ್ತಾರಂತೆ. ಎಲ್ಲಿ, ಹೇಗೆ? (ಗೌರಿಬಿದನೂರು)

ಉತ್ತರ: ಕಂಪನಿಗಳು ಸಾಮಾನ್ಯವಾಗಿ ನವೆಂಬರ್ ಕೊನೆಯೊಳಗೆ ಕೆಇಆರ್‌ಸಿಗೆ ಅರ್ಜಿ ಹಾಕಿ, ಪತ್ರಿಕೆಗಳಲ್ಲಿ ಪ್ರಕಟಣೆ ಕೊಡುತ್ತವೆ. ಅದರಲ್ಲಿ ಹೇಳಿದ ದಿನದೊಳಗೆ ನಿಮ್ಮ ಆಕ್ಷೇಪವನ್ನು ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಕಳಿಸಿ, ವಿಚಾರಣೆಯಲ್ಲಿ ಮಾತಾಡುತ್ತೇನೆ ಎಂದೂ ಬರೆಯಿರಿ. ವಕೀಲರು ಬೇಕಿಲ್ಲ. 'ದರ ಏರಿಸಬೇಡಿ' ಎಂದಷ್ಟೇ ಬರೆದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅರ್ಜಿಯಲ್ಲಿ ಐಪಿ ಸೆಟ್ ಒಂದಕ್ಕೆ ಎಷ್ಟು ಯೂನಿಟ್ ಎಂದು ತೋರಿಸಿದ್ದಾರೆ, ಎಷ್ಟು ಟಿಸಿಗೆ ಮೀಟರ್ ಇದೆ, ಅದರಲ್ಲಿ ಓದುತ್ತಿರುವುದೆಷ್ಟು, ವರ್ಷಕ್ಕೆ ಎಷ್ಟು ಟಿಸಿ ಸುಟ್ಟಿವೆ ಎಂಬ ಕೋಷ್ಟಕಗಳಿರುತ್ತವೆ. ಅದರಲ್ಲಿ ನಿಮ್ಮ ವಿಭಾಗದ ಸಾಲು ಹುಡುಕಿ, ನಿಮ್ಮೂರಿನ ಟಿಸಿಯ ಫೋಟೊ, ಅರ್ಜಿಯ ಸ್ವೀಕೃತಿ ಸೇರಿಸಿ ಪ್ರಶ್ನೆ ಕೇಳಿ. ಬರೆದು ಕೊಟ್ಟ ಆಕ್ಷೇಪಕ್ಕೆ ಕಂಪನಿ ಉತ್ತರ ಕೊಡಬೇಕು, ಆಯೋಗದ ಆದೇಶದಲ್ಲೂ ಅದು ದಾಖಲಾಗುತ್ತದೆ.

ದಿನನಿತ್ಯದ ದೂರಿಗೆ 1912. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಎಇಇ ಹಂತದಲ್ಲಿ ಆಗದಿದ್ದರೆ ಜಿಲ್ಲೆಯ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅಲ್ಲೂ ಆಗದಿದ್ದರೆ ವಿದ್ಯುತ್ ಒಂಬುಡ್ಸ್‌ಮನ್. ಆ ಸಂಖ್ಯೆಯೂ ಸ್ವೀಕೃತಿಯೂ ಜೊತೆಗಿಲ್ಲದಿದ್ದರೆ ಅಲ್ಲಿ ಮೊದಲು ಕೇಳುವುದೇ ಅದನ್ನು.