ಓದುಗರ ಪ್ರಶ್ನೆ: ಕರೆಂಟು, ಕೂಲರ್, ಸಿಲಿಂಡರ್

ಪ್ರಶ್ನೆ: ಜೆಸ್ಕಾಂ ಬಿಲ್ಲಿನಲ್ಲಿ ಯೂನಿಟ್‌ಗೆ ಬೇರೆ, ಕಿಲೋವ್ಯಾಟ್‌ಗೆ ಬೇರೆ ದುಡ್ಡು. ಒಂದೇ ಕರೆಂಟಿಗೆ ಎರಡು ಸಲವೇ?
– ಬ್ರಹ್ಮಪುರ, ಕಲಬುರಗಿ

ಕಿಲೋವ್ಯಾಟ್ ಎಂದರೆ ನಿಮ್ಮ ಮನೆಗೆ ಮಂಜೂರಾದ ಲೋಡ್, ಅಂದರೆ ಒಮ್ಮೆಗೆ ಎಳೆಯಬಹುದಾದ ಕರೆಂಟಿನ ಮಿತಿ. ಅದಕ್ಕೆ ಹಾಕುವುದು ನಿಗದಿತ ಶುಲ್ಕ. ತಿಂಗಳು ಪೂರ್ತಿ ಮನೆಗೆ ಬೀಗ ಹಾಕಿದ್ದರೂ ತಪ್ಪದು. ಯೂನಿಟ್ ಎಂದರೆ ನಿಜವಾಗಿ ಉರಿಸಿದ್ದು: 1,000 ವ್ಯಾಟ್‌ನ ಉಪಕರಣ ಒಂದು ತಾಸು ನಡೆದರೆ 1 ಯೂನಿಟ್. 200 ವ್ಯಾಟ್‌ನ ಕೂಲರ್ ದಿನಕ್ಕೆ 14 ತಾಸು ಓಡಿದರೆ 2.8 ಯೂನಿಟ್, 30 ದಿನಕ್ಕೆ 84. ನಮ್ಮ ಕಡೆಯ ಮೇ ಬಿಸಿಲಿಗೆ 14 ತಾಸು ಏನೂ ಜಾಸ್ತಿಯಲ್ಲ. ಆದರೆ ಗೃಹಜ್ಯೋತಿ ಇರುವವರು ಲೆಕ್ಕ ಇಡಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಮೇಲಿನಷ್ಟಕ್ಕೆ ಮಾತ್ರವಲ್ಲ, ಇಡೀ ಬಿಲ್ಲನ್ನೇ ಕಟ್ಟಬೇಕಾಗುತ್ತದೆ.

ಪ್ರಶ್ನೆ: ಎಲ್ಲ ಸ್ವಿಚ್ ಆಫ್ ಮಾಡಿದರೂ ಮೀಟರಿನ ಕೆಂಪು ಲೈಟ್ ಮಿಣುಕುತ್ತದೆ. ಕೂಲರ್ ಮುಟ್ಟಿದರೆ ಜುಮ್ಮೆನ್ನುತ್ತದೆ. ಮೀಟರ್ ಕೆಟ್ಟಿದೆಯೇ?
– ಶಹಾಪುರ, ಯಾದಗಿರಿ ಜಿಲ್ಲೆ

ಮೀಟರನ್ನು ಆಮೇಲೆ ನೋಡೋಣ, ಮೊದಲು ಕೂಲರಿನ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ವೈರಿಂಗ್‌ನಲ್ಲಿ ಸ್ವಿಚ್ಚನ್ನು ಫೇಸ್ (ಕರೆಂಟ್ ತರುವ ವೈರು) ಬಿಟ್ಟು ನ್ಯೂಟ್ರಲ್‌ಗೆ (ಕರೆಂಟ್ ಮರಳುವ ವೈರು) ಹಾಕಿದ್ದರೆ ಆಫ್ ಇದ್ದಾಗಲೂ ಕೂಲರಿನೊಳಗೆ ಫೇಸ್ ಇದ್ದೇ ಇರುತ್ತದೆ.

ಈಗ ಮನೆಯ ಮೇನ್ ಸ್ವಿಚ್ ಇಳಿಸಿ. ಆಗಲೂ ಲೈಟ್ ಮಿಣುಕಿದರೆ ದೋಷ ಮೀಟರಿನಲ್ಲಿ, ಇಲ್ಲವೇ ಮೀಟರಿನಿಂದ ಮೇನ್‌ಗೆ ಬರುವ ವೈರಿನಲ್ಲಿದೆ. ಸಹಾಯವಾಣಿ 1912ಕ್ಕೆ ದೂರು ಕೊಡಿ. ನಿಂತರೆ ದೋಷ ಮನೆಯೊಳಗಿನದು. ಎಂಸಿಬಿಗಳನ್ನೆಲ್ಲ (ಒಂದೊಂದು ಲೈನಿಗೂ ಇರುವ, ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚುಗಳು) ಇಳಿಸಿ ಮೇನ್ ಏರಿಸಿ, ಬಳಿಕ ಒಂದೊಂದಾಗಿ ಎಂಸಿಬಿ ಏರಿಸುತ್ತ ಲೈಟ್ ನೋಡಿ. ಮೀಟರ್ ಮೇಲೆ 3200 ಎಂದು ಬರೆದಿದ್ದರೆ 3,200 ಮಿಣುಕಿಗೆ 1 ಯೂನಿಟ್. ಅಪರೂಪಕ್ಕೊಮ್ಮೆ ಮಿಣುಕಿದರೆ ಬಹುಶಃ ಸೆಟ್‌ಟಾಪ್ ಬಾಕ್ಸ್ ಇಲ್ಲವೇ ಇನ್ವರ್ಟರ್, ಗಾಬರಿ ಬೇಡ.

ಕೂಲರಿನಲ್ಲಿ ಸಾಮಾನ್ಯವಾಗಿ ಕೈಕೊಡುವುದು ನೀರೆತ್ತುವ ಪುಟ್ಟ ಪಂಪು. ಸದಾ ನೀರಲ್ಲಿ ನೆಂದು ಅದರ ವೈರಿನ ಹೊದಿಕೆ ಬಿರಿಯುತ್ತದೆ, ಬೋರ್ ನೀರಿನ ಉಪ್ಪು ಕಟ್ಟಿಕೊಳ್ಳುತ್ತದೆ, ಕರೆಂಟ್ ತಗಡಿಗೆ ಹರಿಯುತ್ತದೆ. ಅರ್ಥಿಂಗ್‌ನ ಮೂರನೇ ಪಿನ್ ಮುರಿದು ಎರಡು ಪಿನ್ ಸಾಕೆಟ್ಟಿಗೆ ಚುಚ್ಚುವ ನಮ್ಮ ಜಾಣತನ ಬೇರೆ! ಆಗ ಸೋರಿದ ಕರೆಂಟಿಗೆ ನೆಲ ಸೇರಲು ಇರುವ ದಾರಿ ನಿಮ್ಮ ಮೈ ಒಂದೇ. ಅರ್ಥಿಂಗ್ ಗುಂಡಿ ಒಣಗಿದ್ದರೂ ಅದೇ ಕಥೆ, ಬೇಸಿಗೆಯಲ್ಲಿ ಅದಕ್ಕೂ ಆಗಾಗ ನೀರು ಹಾಕಿ.

ಬಿಲ್ ನೋಡಿ ಈ ಸೋರಿಕೆಯನ್ನು ಕಂಡುಹಿಡಿಯಲಾಗದು. 30 ಮಿಲಿಆಂಪ್ ಸೋರಿಕೆ 230 ವೋಲ್ಟಿನಲ್ಲಿ ಬರೀ 7 ವ್ಯಾಟ್; ಎಂಸಿಬಿಗೂ ಅದು ಗೊತ್ತಾಗುವುದಿಲ್ಲ. ಅಷ್ಟಕ್ಕೇ ಟ್ರಿಪ್ ಆಗುವುದು 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಸೋರಿಕೆ ಕಂಡೊಡನೆ ಕರೆಂಟ್ ಕಡಿಯುವ ಸ್ವಿಚ್. ಪಂಪು ಬದಲಿಸುವಾಗಲೇ ಎಲೆಕ್ಟ್ರಿಷಿಯನ್‌ ಕೈಲಿ ಅದನ್ನೂ ಹಾಕಿಸಿ. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ.

ಪ್ರಶ್ನೆ: ಗ್ಯಾಸ್ ಸಿಲಿಂಡರಿನ ಮೇಲಿನ ‘ಬಿ-27’ ತೂಕವೇ?
– ಹುಮನಾಬಾದ್, ಬೀದರ್ ಜಿಲ್ಲೆ

ಅಲ್ಲ, ಸಿಲಿಂಡರಿನ ಮರುಪರೀಕ್ಷೆಯ ಗಡುವು: 2027ರ ಏಪ್ರಿಲ್–ಜೂನ್. ಎ ಎಂದರೆ ಜನವರಿ–ಮಾರ್ಚ್, ಸಿ ಮತ್ತು ಡಿ ಹಾಗೇ ಮುಂದಿನ ಮೂರು ಮೂರು ತಿಂಗಳು. ಗಡುವು ಮೀರಿದ್ದನ್ನು ಇಳಿಸಿಕೊಳ್ಳಬೇಡಿ. ಖಾಲಿ ಸಿಲಿಂಡರಿನ ತೂಕ ಬೇರೆಯೇ ಬರೆದಿರುತ್ತದೆ. 15.3 ಎಂದಿದ್ದರೆ 14.2 ಕೆಜಿ ಗ್ಯಾಸ್ ಸೇರಿ ತಕ್ಕಡಿಯಲ್ಲಿ 29.5 ಕೆಜಿ ಬರಬೇಕು.