ಸ್ವಾತಂತ್ರ್ಯಕ್ಕೆ ಮುಂಚೆ ಕೀನ್ಯಾ, ಉಗಾಂಡಾ ಕಡೆ ಹುಡುಗ್ರು ಡಿಗ್ರಿ ಓದೋಕೆ ಎಲ್ಲಿಗೆ ಹೋಗ್ತಿದ್ರು? ಎಲ್ರೂ ಲಂಡನ್‌ಗೇನಾ?

ಇಲ್ಲ, ಲಂಡನ್‌ಗೆ ಹೋಗೋ ಯೋಗ ಇದ್ದಿದ್ದು ಎಲ್ಲೋ ಕೆಲವರಿಗೆ. ಆದ್ರೆ ಊರಲ್ಲೇ ಓದಿದ್ರೂ ಕೈಗೆ ಸಿಗ್ತಿದ್ದಿದ್ದು ಲಂಡನ್ ಡಿಗ್ರಿನೇ, ಮಜಾ ಇರೋದೇ ಅಲ್ಲಿ.

ಕಂಪಾಲಾದ ಮಕೆರೆರೆ 1922ರಲ್ಲಿ ಶುರುವಾದಾಗ ಬಡಗಿ ಕೆಲಸ, ಮೆಕ್ಯಾನಿಕ್ ಕೆಲಸ ಕಲಿಸೋ ಸ್ಕೂಲು ಅಷ್ಟೆ. 1949ರಲ್ಲಿ ಲಂಡನ್ ಯೂನಿವರ್ಸಿಟಿ ಜೊತೆ ಸೇರಿಸಿ ಯೂನಿವರ್ಸಿಟಿ ಕಾಲೇಜು ಮಾಡಿದ್ರು, ಅದಕ್ಕೆ ಒಂದು ವರ್ಷ ಮುಂಚೆ ನೈಜೀರಿಯಾದ ಇಬಾದಾನ್‌ನಲ್ಲೂ ಗೋಲ್ಡ್ ಕೋಸ್ಟ್‌ನಲ್ಲೂ (ಈಗಿನ ಘಾನಾ) ಇದೇ ಥರ ಶುರುವಾಗಿತ್ತು. ಪಾಠ ಇಲ್ಲಿ, ಸಿಲಬಸ್ಸಿಗೆ ಒಪ್ಪಿಗೆ ಲಂಡನ್ನಿಂದ, ಹುಡುಗ್ರ ಮೈಮೇಲೆ ಇಂಗ್ಲೆಂಡಿನ ಕಾಲೇಜುಗಳ ಥರ ಕೆಂಪು ಗೌನು. ಮುಂದೆ ಟಾಂಜಾನಿಯಾದ ಮೊದಲ ಅಧ್ಯಕ್ಷರಾದ ಜೂಲಿಯಸ್ ನೈರೆರೆ 1943ರಿಂದ 45ರ ತನಕ ಮಕೆರೆರೆಲಿ ಓದಿದಾಗ ಇನ್ನೂ ಅಲ್ಲಿ ಡಿಗ್ರಿ ಇರ್ಲಿಲ್ಲ, ಮೇಷ್ಟ್ರಾಗೋಕೆ ಡಿಪ್ಲೊಮಾ ತಗೊಂಡು ಕೆಲವು ವರ್ಷ ಪಾಠ ಮಾಡಿ ಆಮೇಲೆ ಎಡಿನ್‌ಬರೋಗೆ ಹೋಗಿ 1952ರಲ್ಲಿ ಎಂಎ ಮುಗಿಸಿದ್ರು.

ನಿಜವಾದ ತೊಂದ್ರೆ ಸೀಟಿಂದು. 50ರ ದಶಕದಲ್ಲಿ ಕೀನ್ಯಾ, ಉಗಾಂಡಾ, ಟಾಂಗನೀಕಾ (ಈಗಿನ ಟಾಂಜಾನಿಯಾದ ಮುಖ್ಯ ಭಾಗ) ಮೂರಕ್ಕೂ ಸೇರಿ ಡಿಗ್ರಿ ಕಾಲೇಜು ಅಂತ ಇದ್ದಿದ್ದು ಮಕೆರೆರೆ ಒಂದೇ. ಅದಕ್ಕೇ ಕೀನ್ಯಾದ ಕಾರ್ಮಿಕ ನಾಯಕ ಟಾಮ್ ಎಂಬೋಯ ಅಮೆರಿಕಾಗೆ ಹೋಗಿ ಕಾಲೇಜು ಕಾಲೇಜು ಸುತ್ತಿ ಸ್ಕಾಲರ್‌ಶಿಪ್ ಕೇಳಿದ್ದು. ಸ್ಕಾಲರ್‌ಶಿಪ್ ಸಿಕ್ತು, ವಿಮಾನದ ಚಾರ್ಜಿಗೆ ದುಡ್ಡಿಲ್ಲ! ಬೇಸ್‌ಬಾಲ್ ಆಟಗಾರ ಜಾಕಿ ರಾಬಿನ್ಸನ್, ಗಾಯಕ ಬೆಲಫಾಂಟೆ, ನಟ ಸಿಡ್ನಿ ಪಾಯ್ಟಿಯರ್ ಸೈನ್ ಹಾಕಿ ಪತ್ರ ಬರೆದು ಚಂದಾ ಎತ್ತಿದ್ರು, 1959ರ ಸೆಪ್ಟೆಂಬರಲ್ಲಿ 81 ಜನ ನ್ಯೂಯಾರ್ಕಲ್ಲಿ ಇಳಿದ್ರು. ಒಬಾಮಾ ಅಪ್ಪ ಇದೇ ವಿಮಾನದಲ್ಲಿ ಹೋಗಿದ್ದು ಅಂತ ಎಲ್ಲಾ ಕಡೆ ಬರೀತಾರೆ, ಅದು ಸುಳ್ಳು, ಅವರು ಅದೇ ವರ್ಷ ಬೇರೆಯಾಗಿ ಹವಾಯಿಗೆ ಹೋಗಿದ್ದು. ಮುಂದಿನ ವರ್ಷ ಕೆನಡಿ ಮನೆಯವರ ಫೌಂಡೇಶನ್ 1,00,000 ಡಾಲರ್ ಕೊಡ್ತು, ಆ 1960ರ ಬ್ಯಾಚಲ್ಲಿ ಹೋದವರೇ ವಾಂಗಾರಿ ಮಾಥಾಯ್, 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತಲ್ಲ ಅವರೇ. ಬ್ರಿಟಿಷರು ಮಾತ್ರ ಅಮೆರಿಕನ್ ಕಾಲೇಜುಗಳ ಮಟ್ಟ ಸರಿಯಿಲ್ಲ ಅಂತ ಮೂಗು ಮುರೀತಿದ್ರು, ನನ್ನ ಕೇಳಿದ್ರೆ ತಾವೂ ಸೀಟು ಕೊಡದೆ ಬೇರೆಯವರು ಕೊಟ್ಟಿದ್ದನ್ನೂ ಹೀಗಳೆಯೋದು ಯಾವ ನ್ಯಾಯ ಸ್ವಾಮಿ.

ಹಾಂ, ನೈರೋಬಿ ಯೂನಿವರ್ಸಿಟಿ ಹಿಂದೆ ನಮ್ಮವರ ದುಡ್ಡೂ ಇದೆ. ಗಾಂಧೀಜಿ ನೆನಪಿಗೆ ಕಾಲೇಜು ಕಟ್ಬೇಕು ಅಂತ ಅಲ್ಲಿನ ಇಂಡಿಯನ್ಸ್ ಸೇರಿಸಿದ್ದ ನಿಧಿ, 1956ರಲ್ಲಿ ಕ್ಲಾಸು ಶುರು ಮಾಡಿದ ರಾಯಲ್ ಟೆಕ್ನಿಕಲ್ ಕಾಲೇಜಿಗೆ ಹೋಯ್ತು, ಅದೇ ಬೆಳೆದು ಈಗಿನ ಯೂನಿವರ್ಸಿಟಿ ಆಗಿದೆ.

ಬೆಲ್ಜಿಯನ್ನರ ಕಾಂಗೋ ಕಥೆ ಇನ್ನೂ ಕಡೆ. ಲೋವಾನಿಯಂ ಯೂನಿವರ್ಸಿಟಿ ತೆಗೆದಿದ್ದೇ 1954ರಲ್ಲಿ, 1960ರಲ್ಲಿ ಸ್ವಾತಂತ್ರ್ಯ ಬಂದಾಗ ಅಷ್ಟು ದೊಡ್ಡ ದೇಶದಲ್ಲಿ ಡಿಗ್ರಿ ಆದ ಕಾಂಗೋದವರು 20-30ರ ಆಸುಪಾಸು, ಅದೇ ಸೆಮಿನರಿಲಿ ಓದಿ ಪಾದ್ರಿ ಆದವರು ಮಾತ್ರ ನೂರಾರು ಜನ ಇದ್ರು.